ಬೆಂಗಳೂರಲ್ಲಿ ಬಾಡಿಗೆ ಮನೆ: ಟು-ಲೆಟ್ ಬೋರ್ಡಿನ ಬಾಡಿಗೆ ಬೇರೆ, ಕೈಬಿಟ್ಟು ಹೋಗುವ ದುಡ್ಡು ಬೇರೆ

ಎಷ್ಟರಲ್ಲಿ ಮನೆ ನೋಡ್ತಿದೀರಿ ಅಂತ ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ಬರುವುದು ಬಾಡಿಗೆಯ ಅಂಕಿ ಒಂದೇ. ಹುಡುಕಾಟಕ್ಕೆ ಇಳಿಯುವ ಮೊದಲು ನಾನು ಆ ಅಂಕಿಯನ್ನು ಪಕ್ಕಕ್ಕಿಟ್ಟೆ. ಬಾಡಿಗೆ, ನೀರು, ಓಡಾಟ, ಅಡ್ವಾನ್ಸ್ ದುಡ್ಡಿನ ಬಡ್ಡಿ, ಮನೆ ಬಿಡುವಾಗ ಅದರಲ್ಲಿ ಹಿಡಿಯುವ ಪೇಂಟಿಂಗ್ ಖರ್ಚು, ಇವೆಲ್ಲ ಸೇರಿ ತಿಂಗಳಿಗೆ ಎಷ್ಟಾಗುತ್ತದೆ ಎಂಬ ಒಂದೇ ಮೊತ್ತ ಇಟ್ಟುಕೊಂಡು ಮನೆ ನೋಡಿದೆ. ಬೆಂಗಳೂರಿನಲ್ಲಿ ಅಗ್ಗದ ಮನೆ ಸಿಗುವುದು ಈ ಲೆಕ್ಕದಿಂದಲೇ ಎಂಬುದು ನನ್ನ ನಂಬಿಕೆ. ಅಗ್ಗ ಅಂತ ಕಾಣುವ ಮನೆಯಿಂದ ತಪ್ಪಿಸಿಕೊಳ್ಳುವುದಕ್ಕೂ ಇದೇ ದಾರಿ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಸಂಸಾರ, ಎರಡು ಮನೆ ಅಂದುಕೊಳ್ಳಿ. ಮೊದಲನೆಯದು ಮೆಟ್ರೊ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ. ಬಾಡಿಗೆ 14,000, ನೀರಿಗೆ 500, ಅಡ್ವಾನ್ಸ್ ಹತ್ತು ತಿಂಗಳದ್ದು ಅಂದರೆ 1,40,000. ಆ ದುಡ್ಡಿಗೆ ವರ್ಷಕ್ಕೆ ಶೇ. 12ರ ಬಡ್ಡಿ ಹಿಡಿದರೆ ತಿಂಗಳಿಗೆ 1,400. ಗಂಡನ ಮೆಟ್ರೊ ದಿನಕ್ಕೆ 60ರಂತೆ 24 ದಿನಕ್ಕೆ 1,440. ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಬಸ್ ಉಚಿತ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹೋಗುತ್ತದೆ, 22 ತಿಂಗಳು ಇದ್ದರೆ ತಿಂಗಳಿಗೆ 636. ಒಟ್ಟು 17,976.

ಎರಡನೆಯದು ಊರಾಚೆ. ಬಾಡಿಗೆ 11,000, ಅಡ್ವಾನ್ಸ್ ಐದೇ ತಿಂಗಳು, ಬಡ್ಡಿ 550. ಟ್ಯಾಂಕರ್ ನೀರಿನ ಪಾಲು 1,200. ಗಂಡ ದಿನಕ್ಕೆ 44 ಕಿ.ಮೀ. ಗಾಡಿ ಓಡಿಸಬೇಕು: ಲೀಟರ್‌ಗೆ 45 ಕಿ.ಮೀ., ಪೆಟ್ರೋಲ್ 103 ರೂ. ಅಂದರೆ 2,417, ಸರ್ವೀಸಿಗೆ 400. ಹೆಂಡತಿಗೆ ಬಸ್ ಸ್ಟಾಪಿನವರೆಗೆ ಆಟೊ ದಿನಕ್ಕೆ 80, ತಿಂಗಳಿಗೆ 1,920. ಪೇಂಟಿಂಗ್ 500. ಒಟ್ಟು 17,987. ಬೋರ್ಡಿನಲ್ಲಿ 3,000 ಕಡಿಮೆ ಇದ್ದದ್ದು ಪೂರ್ತಿ ಕರಗಿತು, ಮೇಲೆ ದಿನಾ ಎರಡು ಗಂಟೆ ರಸ್ತೆಯಲ್ಲಿ. ದೂರದ ಮನೆ ಯಾವಾಗಲೂ ದುಬಾರಿ ಅಂತಲ್ಲ. ಒಬ್ಬರೇ ದುಡಿಯುವ, ಕೆಲಸ ಅಲ್ಲೇ ಹತ್ತಿರವಿರುವ ಮನೆಯವರಿಗೆ ಅದೇ ಸರಿ. ನಿಮ್ಮ ಅಂಕಿ ಹಾಕಿ ನೋಡದೆ ಗೊತ್ತಾಗುವುದಿಲ್ಲ, ಅಷ್ಟೆ.

ಏರಿಯಾ ಆರಿಸಲು ನಾನು ಹಿಡಿದದ್ದು ಮೆಟ್ರೊದ ತುದಿಗಳನ್ನು. ನೇರಳೆ ಮಾರ್ಗದಲ್ಲಿ ಕೆಂಗೇರಿಯಿಂದ ಚಲ್ಲಘಟ್ಟದವರೆಗೆ, ಹಸಿರು ಮಾರ್ಗದಲ್ಲಿ ಒಂದು ಕಡೆ ದಾಸರಹಳ್ಳಿ, ನಾಗಸಂದ್ರ, ಮಾದಾವರ, ಇನ್ನೊಂದು ಕಡೆ ವಾಜರಹಳ್ಳಿ, ತಲಘಟ್ಟಪುರ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಸಿಂಗಸಂದ್ರ, ಹೊಸ ರೋಡ್, ಹೆಬ್ಬಗೋಡಿ, ಬೊಮ್ಮಸಂದ್ರವೂ ಲೆಕ್ಕಕ್ಕೆ ಬಂದವು. ಸ್ಟೇಷನ್ನಿಗೆ ಅಂಟಿಕೊಂಡ ಬೀದಿಗಳನ್ನು ಬಿಟ್ಟುಬಿಡಿ, ಅಲ್ಲಿ ಸ್ಟೇಷನ್ನಿನ ಹೆಸರಿಗೇ ಬಾಡಿಗೆ ಏರಿರುತ್ತದೆ. ಒಂದರಿಂದ ಒಂದೂವರೆ ಕಿ.ಮೀ. ಒಳಗೆ, ಮೇನ್ ರೋಡ್ ದಾಟಿ ಮೂರನೇ ನಾಲ್ಕನೇ ಕ್ರಾಸ್ ಮೇಲೆ ಹುಡುಕಬೇಕು. ಅದು ಇಪ್ಪತ್ತು ನಿಮಿಷದ ನಡಿಗೆ.

ಕಾಲವೂ ದುಡ್ಡೇ. ಏಪ್ರಿಲ್‌ನಿಂದ ಜೂನ್‌ವರೆಗೆ ಮಕ್ಕಳ ಶಾಲೆ, ಹೊಸ ಕೆಲಸ ಅಂತ ಎಲ್ಲರೂ ಮನೆ ಹುಡುಕುವವರೇ, ಚೌಕಾಸಿಗೆ ಜಾಗವೇ ಇರುವುದಿಲ್ಲ. ಆಷಾಢ ಬಂತೆಂದರೆ ಮನೆ ಬದಲಿಸುವವರು ನಿಂತುಬಿಡುತ್ತಾರೆ. ಜ್ಯೇಷ್ಠದ ಕೊನೆಗೆ ಖಾಲಿಯಾದ ಮನೆ ಶ್ರಾವಣದವರೆಗೆ ಖಾಲಿಯೇ. ಪಿತೃಪಕ್ಷದಲ್ಲೂ ಧನುರ್ಮಾಸದಲ್ಲೂ ಹಾಗೇ. ಒಂದು ತಿಂಗಳ ಬಾಡಿಗೆ ಹೋಯಿತಲ್ಲ ಎಂಬ ಚಿಂತೆ ಓನರ್‌ಗಿರುವ ಹೊತ್ತಿನಲ್ಲಿ ಅಡ್ವಾನ್ಸ್ ಇಳಿಸುವ ಮಾತು ಎತ್ತಬಹುದು. ನಿಮ್ಮ ಮನೆಯಲ್ಲೂ ಆಷಾಢದಲ್ಲಿ ಹಾಲುಕ್ಕಿಸಲು ಒಪ್ಪದಿದ್ದರೆ ಆಷಾಢದಲ್ಲೇ ಮಾತು ಮುಗಿಸಿ, ಟೋಕನ್ ಕೊಟ್ಟು, ಶ್ರಾವಣದ ಮೊದಲ ವಾರ ಹೋಗಿ. ಅರ್ಧ ತಿಂಗಳ ಬಾಡಿಗೆ ಕೊಟ್ಟು ಮನೆ ಹಿಡಿದಿಟ್ಟರೂ ನಷ್ಟವಿಲ್ಲ.

ಹುಡುಕುವುದು ಕಾಲಲ್ಲೇ. ಆ್ಯಪ್‌ಗಳಲ್ಲಿ ಆ ಏರಿಯಾದ ದರ ಗೊತ್ತಾಗುತ್ತದೆ, ಅದಕ್ಕೆ ಬಳಸಿ. ಆದರೆ 15,000ದ ಒಳಗಿನ ಮನೆಗಳಲ್ಲಿ ಬಹಳಷ್ಟು ಅಲ್ಲಿಗೆ ಬರುವುದೇ ಇಲ್ಲ. 30x40 ಸೈಟಿನಲ್ಲಿ ನಾಲ್ಕು ಅಂತಸ್ತು ಕಟ್ಟಿ, ಕೆಳಗೆ ತಾವಿದ್ದು ಮೇಲೆ ಬಾಡಿಗೆಗೆ ಬಿಟ್ಟ ಓನರ್ ಗೇಟಿಗೆ ಒಂದು ರಟ್ಟು ಕಟ್ಟಿ ಸುಮ್ಮನಾಗುತ್ತಾರೆ. ಶನಿವಾರ, ಭಾನುವಾರ ಬೆಳಗ್ಗೆ ಏಳರಿಂದ ಹತ್ತರವರೆಗೆ ಒಂದೊಂದೇ ಕ್ರಾಸ್ ಹಿಡಿದು ನಡೆದೆ. ಬೋರ್ಡ್ ಕಂಡಲ್ಲಿ ಎರಡು ಫೋಟೊ: ಒಂದು ಬೋರ್ಡಿನ ನಂಬರಿಗೆ, ಇನ್ನೊಂದು ಕ್ರಾಸಿನ ಕಲ್ಲಿಗೋ ಎದುರಿನ ಅಂಗಡಿಗೋ. ಇಪ್ಪತ್ತು ನಂಬರ್ ಸೇರಿದ ಮೇಲೆ ಯಾವುದು ಯಾವ ಮನೆ ಅಂತ ನೆನಪಿರುವುದಿಲ್ಲ. ಒಂದೇ ನಂಬರ್ ಮೂರು ಬೇರೆ ಬೇರೆ ಗೇಟಿನಲ್ಲಿ ಕಂಡರೆ ಅದು ಬ್ರೋಕರ್‌ದು, ಒಂದು ತಿಂಗಳ ಬಾಡಿಗೆ ಅವರಿಗೆ ಸೇರಿಸಿಕೊಳ್ಳಿ.

ಬೋರ್ಡ್ ಕಟ್ಟುವ ಮೊದಲೇ ಸುದ್ದಿ ಇರುವುದು ಇಸ್ತ್ರಿ ಗಾಡಿಯವರ ಹತ್ತಿರ. ಯಾವ ಮನೆಯವರು ಈ ತಿಂಗಳ ಲೆಕ್ಕ ಚುಕ್ತಾ ಮಾಡ್ತೀನಿ ಅಂದರು, ಯಾರ ಮನೆ ಬಟ್ಟೆ ಬರುವುದು ನಿಂತಿತು, ಅವರಿಗೆ ಗೊತ್ತು. ಆಮೇಲೆ ನಂದಿನಿ ಬೂತ್, ನೀರಿನ ಕ್ಯಾನ್ ಹಾಕುವವರು, ಮೂಲೆ ಅಂಗಡಿ. "ಅಣ್ಣ, ಈ ಕಡೆ ಸಿಂಗಲ್ ಬೆಡ್‌ರೂಮ್ ಯಾವುದಾದ್ರೂ ಖಾಲಿ ಆಗೋದಿದ್ಯಾ?" ಅಂತ ಕೇಳಿ, ನಂಬರ್ ಕೊಟ್ಟು, ಮುಂದಿನ ವಾರ ಮತ್ತೆ ಹೋಗಿ ಕೇಳಬೇಕು. ಎರಡನೇ ಸಲ ಹೋದವರಿಗೇ ಉತ್ತರ ಸಿಗುವುದು.

ಫೋನಿನಲ್ಲಿ ಕೇಳಬೇಕಾದ್ದನ್ನು ಫೋನಿನಲ್ಲೇ ಕೇಳಿಬಿಡಿ, ಅಷ್ಟು ದೂರ ಹೋಗಿ ಕೇಳಬೇಡಿ. "ಮೇಡಂ, ಬೋರ್ಡ್ ನೋಡಿ ಮಾಡ್ತಿದೀನಿ. ಮನೆ ಖಾಲಿ ಇದ್ಯಾ? ಎಷ್ಟನೇ ಫ್ಲೋರು? ಅಡ್ವಾನ್ಸ್ ಎಷ್ಟು? ಕಾವೇರಿ ಇದ್ಯಾ, ಬೋರ್ ನೀರಾ? ಮೀಟರ್ ಬೇರೆ ಬೇರೆ ಇದ್ಯಾ?" ಈ ಐದು ಪ್ರಶ್ನೆ ಸಾಕು. ಆ ಕಡೆಯಿಂದಲೂ ಪ್ರಶ್ನೆ ಬರುತ್ತವೆ: ಫ್ಯಾಮಿಲಿನಾ, ವೆಜ್ಜಾ, ಯಾವ ಜನ? ಜಾತಿ, ಧರ್ಮ, ಊಟ ಕೇಳಿ ಮನೆ ಇಲ್ಲ ಅನ್ನುವುದು ಈ ಊರಿನಲ್ಲಿ ದಿನನಿತ್ಯದ ಮಾತು. ಅದು ಅನ್ಯಾಯ, ಅದರ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ಕೆಲವರು ಹತ್ತು ಫೋನಿನಲ್ಲಿ ಮುಗಿಸುವ ಕೆಲಸಕ್ಕೆ ಇನ್ನು ಕೆಲವರು ಐವತ್ತು ಮಾಡಬೇಕು. ಸುಳ್ಳು ಹೇಳಿ ಸೇರಿದರೆ ಮೂರು ತಿಂಗಳಲ್ಲಿ ಖಾಲಿ ಮಾಡಿ ಅನ್ನಿಸಿಕೊಂಡು ಪೇಂಟಿಂಗ್ ದುಡ್ಡೂ ಹೋಗುತ್ತದೆ. ಓನರ್ ಅದೇ ಕಟ್ಟಡದಲ್ಲಿ ಇರದ ಮನೆಗಳಲ್ಲಿ ಈ ಪ್ರಶ್ನೆ ಕಡಿಮೆ. ಅಂಥವನ್ನು ಮೊದಲು ನೋಡಿ.

ಮನೆ ನೋಡದೆ ಒಂದು ರೂಪಾಯಿಯೂ ಕಳಿಸಬಾರದು. ಓನರ್ ಅಂತ ಫೋನಿನಲ್ಲಿ ಹೇಳಿಕೊಳ್ಳುವವರು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಗೇಟ್ ಪಾಸಿಗೆ ಸ್ವಲ್ಪ ದುಡ್ಡು ಹಾಕಿ, ವಾಪಸ್ ಬರುತ್ತದೆ ಅಂದರೆ ಅದು ಮೋಸ. ದುಡ್ಡು ಪಡೆಯಲು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಅಂದರೂ ಮೋಸವೇ, ಸ್ಕ್ಯಾನ್ ಮಾಡುವುದು ಕೊಡುವುದಕ್ಕೆ ಮಾತ್ರ.

ಇನ್ನು ನೀರು. ಮನೆ ಹೇಗಿದೆ ಅಂತ ನೋಡುವ ಮೊದಲು ಸಂಪು ನೋಡುತ್ತೇನೆ. ಮುಚ್ಚಳ ತೆಗೆಸಿ, ಎಷ್ಟು ಲೀಟರಿನದು, ಎಷ್ಟು ಮನೆಗೆ ಅಂತ ಕೇಳಿ. ಆರು ಮನೆ, ಮನೆಗೆ ನಾಲ್ಕು ಜನ, ತಲೆಗೆ 100 ಲೀಟರ್ ಅಂದರೂ ದಿನಕ್ಕೆ 2,400 ಲೀಟರ್. ಕಾವೇರಿ ಇಲ್ಲದೆ ಬೋರ್ ಬತ್ತಿದರೆ 6,000 ಲೀಟರಿನ ಟ್ಯಾಂಕರ್ ಎರಡೂವರೆ ದಿನಕ್ಕೆ ಖಾಲಿ, ತಿಂಗಳಿಗೆ ಹನ್ನೆರಡು. 2024ರ ನೀರಿನ ಬರದಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ್ದು ಐದು ಕಿ.ಮೀ. ಒಳಗೆ ಅಂಥ ಟ್ಯಾಂಕರಿಗೆ 600 ರೂ. ಅದೇ ದರ ಹಿಡಿದರೂ 7,200, ಮನೆಗೆ 1,200. ಮೇಲಿನ ಲೆಕ್ಕದ 1,200 ಬಂದದ್ದು ಇಲ್ಲಿಂದ. ಟ್ಯಾಂಕರಿನ ದುಡ್ಡು ಬಾಡಿಗೆಯಲ್ಲೇ ಸೇರಿದೆಯಾ, ಹಂಚುತ್ತಾರಾ, ಹಂಚುವುದಾದರೆ ಮನೆ ಲೆಕ್ಕವೋ ತಲೆ ಲೆಕ್ಕವೋ ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಇಬ್ಬರೇ ಇರುವ ಮನೆಗೆ ತಲೆ ಲೆಕ್ಕ ಲಾಭ.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 775 ದಶಲಕ್ಷ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ. ಅದರಿಂದ ಊರಾಚೆಯ ಎಷ್ಟೋ ಬೀದಿಯಲ್ಲಿ ಪೈಪ್ ಇದೆ. ಆದರೆ ಬೀದಿಯಲ್ಲಿ ಪೈಪ್ ಇರುವುದು ಬೇರೆ, ಮನೆಗೆ ಕನೆಕ್ಷನ್ ತೆಗೆದುಕೊಂಡಿರುವುದು ಬೇರೆ. "ಕಾವೇರಿ ಇದೆ" ಅಂದರೆ ಜಲಮಂಡಳಿಯ ಬಿಲ್ ತೋರಿಸಿ ಅನ್ನಿ. ಬೋರ್ ನೀರು ಮಾತ್ರ ಇದ್ದರೆ ಬಚ್ಚಲಿನ ನಲ್ಲಿಯ ಬುಡ, ಶವರಿನ ತೂತು ನೋಡಿ. ಬಿಳಿ ಸುಣ್ಣದ ಹಾಗೆ ಗಟ್ಟಿ ಪದರ ಕಟ್ಟಿದ್ದರೆ ನೀರು ಗಡುಸು. ಗೀಸರಿನ ಕಾಯಿಲ್ ಬೇಗ ಹೋಗುತ್ತದೆ, ಕುಡಿಯಲು ಕ್ಯಾನ್ ತರಿಸಬೇಕು. ಅದನ್ನೂ ಒಟ್ಟು ಲೆಕ್ಕಕ್ಕೆ ಸೇರಿಸಿ.

ಒಳಗೆ ನೋಡುವುದು ಇಷ್ಟು: ಗೋಡೆಯ ಬುಡದಲ್ಲಿ ಹೊಸ ಪೇಂಟಿನ ಕೆಳಗೆ ಉಬ್ಬಿದ್ದರೆ ಪಸೆ ಇದೆ ಎಂದರ್ಥ, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ನಡುಹಗಲಲ್ಲೂ ಲೈಟ್ ಹಾಕಬೇಕಾದ ಮನೆ ಬೇಡ. ರಾಜಕಾಲುವೆಯ ಹತ್ತಿರದ ಗ್ರೌಂಡ್ ಫ್ಲೋರ್ ಆದರೆ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂತು ಎಂದು ಓನರನ್ನಲ್ಲ, ಎದುರಿನ ಅಂಗಡಿಯವರನ್ನು ಕೇಳಿ. ಕೊನೇ ಮಹಡಿಯ ಶೀಟ್ ಮನೆ ಬೇಸಿಗೆಯಲ್ಲಿ ಕಾವಲಿ.

ಕರೆಂಟಿಗೆ ಪ್ರತಿ ಮನೆಗೂ ಬೆಸ್ಕಾಂನ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಇರಬೇಕು. ಹಾಗಿದ್ದರೆ ಮಾತ್ರ ಗೃಹಜ್ಯೋತಿ ನಿಮ್ಮ ಹೆಸರಿಗೆ ಆಗುತ್ತದೆ. ಹಳೇ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಜೋಡಿಸಿದ್ದರೆ ಮೊದಲು ಅದನ್ನು ಬಿಡಿಸಬೇಕು. ಅವರು ಊರಲ್ಲಿರುವಾಗಲೇ ಮಾಡಿಸಿ. ನೀವೂ ಹಳೇ ಮನೆಯದನ್ನು ಬಿಡಿಸಿಯೇ ಹೊರಡಿ. ಸಬ್ ಮೀಟರ್ ಇರುವ ಕಡೆ ಓನರ್ ಹೇಳಿದ್ದೇ ಯೂನಿಟ್ ದರ, ಯೋಜನೆಯ ಲಾಭವೂ ನಿಮಗಿಲ್ಲ.

ಚೌಕಾಸಿಯಲ್ಲಿ ಬಾಡಿಗೆಗಿಂತ ಅಡ್ವಾನ್ಸನ್ನೇ ಇಳಿಸಲು ನೋಡಿ. ಪ್ರತಿ 50,000ಕ್ಕೆ ಶೇ. 12ರಂತೆ ತಿಂಗಳಿಗೆ 500 ಉಳಿಯುತ್ತದೆ, ಜೊತೆಗೆ ಕೊನೆಯಲ್ಲಿ ಸಿಕ್ಕಿಹಾಕಿಕೊಳ್ಳುವ ದುಡ್ಡೂ ಕಡಿಮೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ, ಆದರೆ ಅದು ಮಾದರಿ, ತಾನಾಗಿ ಇಲ್ಲಿ ಜಾರಿಯಾಗುವುದಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ಬೆಂಗಳೂರಿನಲ್ಲಿ ತಿಂಗಳಿಗೆ 3,500 ಮೀರಿದ ವಾಸದ ಮನೆಗೆ ಅನ್ವಯಿಸದು. ಅಂದರೆ ಇವತ್ತು ನೀವು ನೋಡುವ ಮನೆಗಳಿಗೆಲ್ಲ ಕೈಯಲ್ಲಿರುವ ಅಗ್ರಿಮೆಂಟೇ ಆಸರೆ.

ಬಾಡಿಗೆಯೇ ಬೇಡ, ಲೀಸಿಗೆ ಹಾಕಿಕೊಳ್ಳಿ ಅನ್ನುವವರು ಸಿಗುತ್ತಾರೆ. ನಮ್ಮ ಹಿರಿಯರು ಭೋಗ್ಯ ಅಂದದ್ದು ಇದನ್ನೇ: ಹತ್ತು, ಹದಿನೈದು ಲಕ್ಷ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ದುಡ್ಡು ವಾಪಸ್ ಪಡೆಯುವುದು. ಸರಿಯಾದ ಓನರ್ ಸಿಕ್ಕರೆ ಒಳ್ಳೆಯದೇ. ಕೆಡುವುದು ಎರಡು ರೀತಿಯಲ್ಲಿ. ಒಂದು, ಮನೆ ಮೇಲೆ ಬ್ಯಾಂಕಿನ ಸಾಲ ಇರುತ್ತದೆ, ಕಂತು ನಿಂತಾಗ ಬ್ಯಾಂಕಿನವರು ಬಾಗಿಲಿಗೆ ಬರುತ್ತಾರೆ. ಎರಡು, ನಡುವಿನವರು ನಿಮ್ಮಿಂದ ಲೀಸ್ ದುಡ್ಡು ಪಡೆದು ಓನರ್‌ಗೆ ತಿಂಗಳ ಬಾಡಿಗೆ ಕಟ್ಟುತ್ತಾ ಇದ್ದು ಒಂದು ದಿನ ನಾಪತ್ತೆಯಾಗುತ್ತಾರೆ, ಓನರ್‌ಗೆ ಲೀಸಿನ ವಿಷಯವೇ ಗೊತ್ತಿರುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಅದರಲ್ಲಿ ಕಾಣದೆಯೂ ಇರಬಹುದು, ಅದಕ್ಕೆ ಆಸ್ತಿ ಅಡವಿಟ್ಟು ತೆಗೆದ ಸಾಲಗಳ ಕೇಂದ್ರ ದಾಖಲೆಯಾದ ಸೆರ್ಸಾಯ್‌ನಲ್ಲೂ ಹುಡುಕಿಸಿ, ಮೂಲಪತ್ರ ತೋರಿಸಿ ಅನ್ನಿ. ದುಡ್ಡು ಓನರ್ ಖಾತೆಗೇ ಹೋಗಬೇಕು, ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಇದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ. ಜೀವಮಾನದ ಉಳಿತಾಯ ಹೀಗೆ ಕಳೆದುಕೊಂಡ ಸಂಸಾರಗಳು ಈ ಊರಲ್ಲಿ ಬಹಳ ಇವೆ.

ಅಗ್ರಿಮೆಂಟ್ 11 ತಿಂಗಳದ್ದೇ ಏಕೆಂದರೆ ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಇ-ಸ್ಟಾಂಪ್ ಅಂಗಡಿಯವರು ಕೊಡುವ ಸಿದ್ಧ ನಮೂನೆಗೆ ಸಹಿ ಹಾಕುವ ಮೊದಲು ನಾನು ನಾಲ್ಕು ಸಾಲು ಸೇರಿಸಿಸಿದೆ: ಅಡ್ವಾನ್ಸ್ ಬ್ಯಾಂಕ್ ಮೂಲಕ ಕೊಟ್ಟ ದಿನಾಂಕ ಮತ್ತು ಮೊತ್ತ, ಬೀಗದ ಕೈ ಕೊಟ್ಟ ದಿನವೇ ವಾಪಸ್, ಪೇಂಟಿಂಗ್ ಹಿಡಿಯುವುದು ಇಷ್ಟೇ, ಅದಕ್ಕಿಂತ ಹೆಚ್ಚಿಲ್ಲ, ಬಾಡಿಗೆ ಏರಿಕೆ 11 ತಿಂಗಳಿಗೆ ಶೇ. 5. ನೋಟಿಸ್ ಅವಧಿ ಇಬ್ಬರಿಗೂ ಒಂದೇ ಇರಲಿ. ಕರೆಂಟ್ ಬಿಲ್ಲಿನ ಹೆಸರು, ತೆರಿಗೆ ರಸೀದಿಯ ಹೆಸರು, ಅಗ್ರಿಮೆಂಟಿನ ಹೆಸರು ಒಂದೇ ಅಂತ ನೋಡಿ. ಹಳೇ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಪಡೆಯುವವರು ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಓನರಿನ ಪ್ಯಾನ್ ಕೊಡಬೇಕು. ಅದನ್ನು ಟೋಕನ್ ಕೊಡುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಮನಸ್ತಾಪ.

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೊ: ಪ್ರತಿ ಗೋಡೆ, ಬಾಗಿಲಿನ ಚಿಲಕ, ಒಡೆದ ಟೈಲ್ಸ್, ಸಿಂಕಿನ ಕೆಳಗಿನ ಪೈಪ್, ಮೀಟರಿನ ರೀಡಿಂಗ್. ಅದೇ ದಿನ ಓನರ್ ವಾಟ್ಸಾಪಿಗೆ ಕಳಿಸಿ. ಬಿಡುವಾಗಿನ ಜಗಳಗಳಲ್ಲಿ ಬಹುಪಾಲು ಅಲ್ಲಿಗೇ ಮುಗಿಯುತ್ತವೆ.

ಬಿಡುವಾಗ ಒಂದು ಮಾತು ಗೊತ್ತಿರಲಿ. ನಿಮ್ಮ ಅಡ್ವಾನ್ಸ್ ಓನರ್ ಹತ್ತಿರ ಹಾಗೇ ಕೂತಿರುವುದಿಲ್ಲ, ಬಹಳ ಮಂದಿ ಮುಂದಿನ ಬಾಡಿಗೆದಾರರಿಂದ ಬಂದದ್ದನ್ನೇ ಕೊಡುತ್ತಾರೆ. ಹಾಗಾಗಿ ನೋಟಿಸ್ ಕೊಟ್ಟ ಮೇಲೆ ಮನೆ ತೋರಿಸಲು ನೀವೇ ಸಹಕರಿಸಿ, ಗುರುತಿನವರಿದ್ದರೆ ಕರೆತನ್ನಿ. ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ ಎಂದು ಕೇಳಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಉಳಿದದ್ದು ಖಾತೆಗೆ ಬಿದ್ದ ಮೆಸೇಜ್ ನೋಡಿ ಬೀಗದ ಕೈ ಕೊಡಿ.