ಕೂಸಿಗೆ ಸಂಜೆ ನೀರೆರೆದು ರಾತ್ರಿಯ ನಿದ್ದೆ ಗಳಿಸಿದ್ದು

ನನ್ನ ಮಗ ಹುಟ್ಟಿದ್ದು ಏಪ್ರಿಲ್ ತಿಂಗಳಲ್ಲಿ, ರಾಯಚೂರಿನ ಬಿಸಿಲು 42 ಡಿಗ್ರಿ ಮುಟ್ಟುವ ಹೊತ್ತಿಗೆ. ಹಗಲೆಲ್ಲ ಕಣ್ಣು ತೆರೆಯದ ಕೂಸು ರಾತ್ರಿ ಒಂಬತ್ತಾದೊಡನೆ ಈಗಷ್ಟೇ ಬೆಳಗಾಯಿತೆಂಬಂತೆ ಎಚ್ಚರಗೊಳ್ಳುತ್ತಿತ್ತು. ಆಮೇಲೆ ಒಂದೂವರೆ ಗಂಟೆಗೊಮ್ಮೆ ಏಳುವುದು ತಪ್ಪುತ್ತಿರಲಿಲ್ಲ.

ಮೊದಲು ಹಣ ಕಳೆದುಕೊಂಡ ಕಥೆ. ಸುಮಾರು 5,000 ರೂಪಾಯಿ ಕೊಟ್ಟು ಮೋಟಾರಿನಿಂದ ತೂಗುವ ತೊಟ್ಟಿಲು ತಂದೆವು. ಅದು ತೂಗುವವರೆಗೆ ಕೂಸು ಮಲಗುತ್ತಿತ್ತು, ಕರೆಂಟ್ ಹೋದೊಡನೆ ಏಳುತ್ತಿತ್ತು. ರಾಜ್ಯಕ್ಕೆ ವಿದ್ಯುತ್ ತಯಾರಿಸಿಕೊಡುವ ಈ ಜಿಲ್ಲೆಯಲ್ಲಿ ಬೇಸಿಗೆಯ ರಾತ್ರಿ ಕರೆಂಟ್ ಎಷ್ಟು ಸಲ ಹೋಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅರ್ಧ ಬೆಲೆಗೂ ಅದನ್ನು ಯಾರೂ ಕೊಳ್ಳಲಿಲ್ಲ, ಈಗ ಅದರಲ್ಲಿ ಒಗೆದ ಬಟ್ಟೆ ಇಡುತ್ತೇವೆ. ತಂದಿಟ್ಟ ಎರಡು ಬಾಟಲಿ ಗ್ರೈಪ್ ವಾಟರ್ ಮಕ್ಕಳ ವೈದ್ಯರು ಬೇಡವೆಂದ ಮೇಲೆ ಹಾಗೆಯೇ ಉಳಿಯಿತು. ಜೇನು ನೆಕ್ಕಿಸೆಂದವರಿಗೆ, ವರ್ಷ ತುಂಬುವವರೆಗೆ ಅದು ಕೂಡದೆಂದು ನಾನೇ ಖಡಾಖಂಡಿತವಾಗಿ ಹೇಳಿದೆ.

ಬೇರೆ ದಾರಿ ಕಾಣದೆ ಹತ್ತು ದಿನ ನೋಟ್‌ಬುಕ್ಕಿನಲ್ಲಿ ಕೂಸು ಮಲಗಿದ, ಎದ್ದ, ಹಾಲು ಕುಡಿದ ಹೊತ್ತನ್ನೆಲ್ಲ ಬರೆದಿಟ್ಟೆ. ಬೆಳಿಗ್ಗೆ ಹತ್ತಕ್ಕೆ ಎಣ್ಣೆ ತಿಕ್ಕಿ, ನೀರೆರೆದು, ಹಾಲುಣಿಸಿದ ಮೇಲೆ ಅದು ದಿನವೂ ಮೂರೂವರೆ ಗಂಟೆ ಅಲುಗಾಡದೆ ಮಲಗುತ್ತಿತ್ತು. ಉದ್ದನೆಯ ನಿದ್ದೆಯೇ ಬಾರದೆಂದು ಮನೆಯವರೆಲ್ಲ ಗೊಣಗುತ್ತಿದ್ದೆವು. ಬರುತ್ತಿತ್ತು, ಆದರೆ ನಡುಹಗಲಲ್ಲೇ ಖರ್ಚಾಗಿಹೋಗುತ್ತಿತ್ತು.

ಎರೆಯುವುದನ್ನು ಸಂಜೆಗೆ ತಳ್ಳಬೇಕೆಂದಾಗ ಎರೆಯಲು ಬರುವ ಅಜ್ಜಿ ಸಿಡುಕಿದಳು: "ಸಂಜಿ ಮುಂದ ಎರದ್ರ ಕೂಸಿಗಿ ನೆಗಡಿ ಆಗ್ತೈತವ್ವಾ. ನಾ ಎಷ್ಟು ಕೂಸು ಎರದೀನಿ, ನೀ ನನಗ ಹೇಳ್ತೀ?" ಅತ್ತೆಯವರು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ತಿಂಗಳಿಗೆ 2,500 ಇದ್ದ ಅಜ್ಜಿಯ ಸಂಬಳವನ್ನು 3,500ಕ್ಕೆ ಏರಿಸಿದ ಮೇಲೆ ಅವಳ ನೆಗಡಿಯ ಭಯ ಅರ್ಧ ಕಡಿಮೆಯಾಯಿತು.

ಇದನ್ನು ಶುರುಮಾಡಿದ್ದು ಆರನೆಯ ವಾರದ ಮೇಲೆ, ತೂಕ ಚೆನ್ನಾಗಿ ಏರುತ್ತಿದೆಯೆಂದು ವೈದ್ಯರು ಹೇಳಿದ ನಂತರ. ಸಂಜೆ ಆರೂವರೆಗೆ ಉಗುರುಬೆಚ್ಚಗಿನ ನೀರು, ಲೋಬಾನದ ಹೊಗೆ ಇಲ್ಲ, ತೆಳ್ಳನೆಯ ಹತ್ತಿ ಬಟ್ಟೆ, ಮಬ್ಬು ಬೆಳಕಿನಲ್ಲಿ ಹೊಟ್ಟೆ ತುಂಬ ಹಾಲು, ದಿಂಬಿಲ್ಲದ ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಿಸುವುದು. ಹತ್ತೂವರೆಗೆ, ನಾನು ಮಲಗುವ ಮುನ್ನ, ಅರೆನಿದ್ದೆಯಲ್ಲೇ ಎತ್ತಿ ಇನ್ನೊಮ್ಮೆ ಹಾಲು. ಹಗಲಿನಲ್ಲಿ ಪರದೆ ಸರಿಸಿದ ಪಡಸಾಲೆಯಲ್ಲೇ, ಮಿಕ್ಸರ್ ಸದ್ದಿನ ನಡುವೆಯೇ ಮಲಗಿಸುತ್ತಿದ್ದೆ, ನಿದ್ದೆ ಎರಡು ಗಂಟೆ ದಾಟಿದರೆ ಹಾಲಿಗೆಂದು ಎಬ್ಬಿಸುತ್ತಿದ್ದೆ. ಹೆಗಲಿನಿಂದ ಹಾಸಿಗೆಗೆ ಇಳಿಸುವಾಗ ಎಚ್ಚರವಾಗದಿರಲು ನನ್ನದೊಂದು ಬಗೆಯಿದೆ. ಅದನ್ನು ನಾದಿನಿಗೂ ಹೇಳಿಕೊಟ್ಟಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಮೊದಲ ನಾಲ್ಕು ರಾತ್ರಿ ಏನೂ ಬದಲಾಗಲಿಲ್ಲ. ಐದನೆಯ ದಿನ ಕೂಸು ನೋಡಲು ಬಂದ ನೆಂಟರು ರಾತ್ರಿ ಎಂಟೂವರೆಯವರೆಗೆ ಕೈಯಿಂದ ಕೈಗೆ ಆಡಿಸಿ ಎಲ್ಲವನ್ನೂ ಕೆಡಿಸಿದರು. ಒಂಬತ್ತನೆಯ ರಾತ್ರಿ ನಡುವೆ ಏಳದ ನಿದ್ದೆ ಮೂರು ಗಂಟೆ ದಾಟಿತು. ಮೂರು ವಾರದ ಹೊತ್ತಿಗೆ ನಾಲ್ಕೂವರೆ, ಕೆಲವೊಮ್ಮೆ ಐದು ಗಂಟೆ.

ನಡುವೆ ಒಂದು ಅಡ್ಡ ಪ್ರಯೋಗವೂ ನಡೆಯಿತು. ಜೂನ್‌ನಲ್ಲಿ ಮಳೆ ಬಂದು ಕೂಲರ್ ನಿಲ್ಲಿಸಿದಾಗ ಕೂಸು ಮತ್ತೆ ಏಳತೊಡಗಿತು. ಕೂಲರಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಕೋಣೆಯ ಇನ್ನೊಂದು ಮೂಲೆಯಲ್ಲಿ ಸಣ್ಣಗೆ ಹಾಕಿಟ್ಟೆ. ಒಂದು ವಾರ ನಡೆಯಿತು. ಆಮೇಲೆ ಫ್ಯಾನಿನ ಸದ್ದೇ ಸಾಕಾಯಿತು. 8,500 ರೂಪಾಯಿಯ ಕೂಲರ್ ತಂಪಿಗಿಂತ ಸದ್ದಿಗೇ ಹೆಚ್ಚು ಉಪಯೋಗವಾಯಿತೇನೋ ಎಂದು ನನ್ನವರು ಈಗಲೂ ನಗುತ್ತಾರೆ.

ಎರಡು ತಿಂಗಳು ತುಂಬಿದ ಕೂಸು ತಾನಾಗಿಯೇ ಹಾಗೆ ಮಲಗುತ್ತಿತ್ತೆಂದು ನಾದಿನಿ ವಾದಿಸುತ್ತಾಳೆ. ವಯಸ್ಸಿನ ಪಾಲೂ ಇರಬಹುದು. ಆದರೆ ಊರಿಗೆ ಹೋದಾಗ ನಾಲ್ಕು ದಿನ ಬೆಳಿಗ್ಗೆ ಎರೆದಿದ್ದಕ್ಕೆ ರಾತ್ರಿಯ ನಿದ್ದೆ ಮತ್ತೆ ಎರಡು ಗಂಟೆಗೆ ಇಳಿದದ್ದು ನೋಟ್‌ಬುಕ್ಕಿನಲ್ಲಿದೆ. ಅಜ್ಜಿಯಂತೂ ಈಗ ಸಂಜೆಗೆ ಇನ್ನೂ ಎರಡು ಮನೆ ಹಿಡಿದಿದ್ದಾಳೆ, ನನಗೆ ಹೇಳಿದ 3,500ಕ್ಕೇ.