ಶೆಡ್ ಉಳಿಸಿಕೊಂಡೇ ಪರ್ಮಿಟ್ ತಂದದ್ದು: ನನ್ನ ಅನುಭವ

ಮೇಲೊಂದು ಮಹಡಿ ಹಾಕಬೇಕು, ಆದರೆ ಕೆಳಗಿನ ಮನೆಯೇ ನಿಯಮ ಮೀರಿದೆ. ಇಂಥ ಕೆಲಸ ಬಂದಾಗ ನಕ್ಷೆ, ಪರ್ಮಿಟ್ ಮಾಡಿಸುವ ನಮ್ಮ ಕಸುಬಿನವರು ಹೇಳುವುದು ಒಂದೇ: ಎಲ್ಲಾ ಒಂದೇ ನಕ್ಷೆಯಲ್ಲಿ ತೋರಿಸಿ ಕಳಿಸು, ಹಳೇದೂ ಜೊತೆಯಲ್ಲೇ ಪಾಸಾಗುತ್ತೆ. ಹಳೇದಕ್ಕೆ ಬೇರೆ ಕಡತ, ಅದು ಮುಚ್ಚಿದ ಮೇಲೇ ಹೊಸ ಅರ್ಜಿ ಅಂದೆ ನಾನು. ನಕ್ಕರು. ಈಗ ಪರ್ಮಿಟ್ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತಕರಾರು ಎರಡು. ಪಕ್ಕದ ಸೆಟ್‌ಬ್ಯಾಕ್ (ಗಡಿಯಿಂದ ಕಟ್ಟಡದವರೆಗೆ ಖಾಲಿ ಬಿಡಬೇಕಾದ ಜಾಗ) 5 ಅಡಿ ಬೇಕು, ಶೆಡ್ ಕಡೆ 3 ಅಡಿ ಚಿಲ್ಲರೆ ಇತ್ತು. ಹಿಂದಿನ ಕೋಣೆಗೆ ಒಲೆ ಕಟ್ಟೆ, ಸಿಂಕು, ಬೇರೆ ಬಾಗಿಲು. ಒಂದೇ ಮನೆಗೆ ಅವಕಾಶವಿರುವ ಕಡೆ ಎರಡು ಮನೆ ಅಂತ ನೋಟಿಸು.

ಮಾಲೀಕರ ಹಟಕ್ಕೆ ಮೊದಲು ವಿನಾಯಿತಿ ಕೇಳಿದೆವು. ತಿರಸ್ಕಾರ ಆಯಿತು. ಸೈಟೇ ಸೊಟ್ಟಗಿದ್ದರೆ ಕೇಳಬಹುದು, ನಾವೇ ಕಟ್ಟಿಕೊಂಡ ಶೆಡ್ಡಿಗೆ ಯಾರು ಕೊಡ್ತಾರೆ? ಶುಲ್ಕವೂ ಹೋಯಿತು. ಆಮೇಲೆ ಪಕ್ಕದವರಿಂದ 2 ಅಡಿ ಪಟ್ಟಿ ಕೊಳ್ಳುವ ಮಾತು. ಅವರೇನೋ ಒಪ್ಪಿದರು. ಅಳೆದು ನೋಡಿದರೆ ಪಟ್ಟಿ ಕೊಟ್ಟ ಮೇಲೆ ಅವರ ಮನೆಗೇ ಸೆಟ್‌ಬ್ಯಾಕ್ ಸಾಲಲ್ಲ! ಶೆಡ್ ಒಡೆದುಬಿಡಿ ಅಂತ ಕಂಟ್ರಾಕ್ಟರು ರೇಟು ಕೊಟ್ಟೇಬಿಟ್ಟರು.

ನಾನು ಹೊಸದಾಗಿ ಸರ್ವೆ ಮಾಡಿಸಿದೆ. ಗಡಿಕಲ್ಲು ಕಾಂಪೌಂಡಿನಿಂದ ಮುಕ್ಕಾಲು ಅಡಿ ಆಚೆ ಸಿಕ್ಕಿತು. ನೋಟಿಸಿನ ಅಳತೆ ಕಾಂಪೌಂಡಿನಿಂದ ತೆಗೆದದ್ದು. ಆಮೇಲೆ ಶೆಡ್ಡಿನ ಸೂರಿನ ಶೀಟಿನ ತುದಿಯಿಂದ ತೂಕದ ಗುಂಡು ಇಳಿಬಿಟ್ಟೆ. ಗುಂಡು ಗೋಡೆಯಿಂದ ಒಂದೂಕಾಲು ಅಡಿ ಆಚೆ ನಿಂತಿತು. ಮೂರು ಚಿಲ್ಲರೆಗೆ ಮುಕ್ಕಾಲು, ಒಂದೂಕಾಲು ಸೇರಿದರೆ ಐದು ದಾಟುತ್ತೆ. ಅಂದರೆ ಗೋಡೆ ನಿಯಮದೊಳಗೇ ಇದೆ, ಶೀಟು ಮಾತ್ರ ಹೊರಗೆ. ಗೋಡೆಯಿಂದಾಚೆಗಿನ ಚಾಚು ಎಷ್ಟು ಬಿಡ್ತಾರೆ ಅನ್ನೋದು ಒಂದೊಂದು ಕಡೆ ಒಂದೊಂದು ಥರ, ಇಲ್ಲಿ ಶೀಟಿನ ತುದಿಯಿಂದಲೇ ಲೆಕ್ಕ. ಗೋಡೆಯಿಂದ 2 ಇಂಚು ಬಿಟ್ಟು ಕತ್ತರಿಸಿದೆವು. ಮಳೆನೀರು ಗೋಡೆಗೆ ಇಳಿಯದ ಹಾಗೆ ಇಳಿಜಾರನ್ನು ಒಳಗಡೆಗೆ ತಿರುಗಿಸಬೇಕಾಯಿತು, ದುಡ್ಡು ಜಾಸ್ತಿ ಹಿಡಿದದ್ದು ಅಲ್ಲೇ. ಆದರೂ ಸರ್ವೆ ಸೇರಿ ಒಡೆಯುವ ರೇಟಿನ ಕಾಲು ಭಾಗ ದಾಟಲಿಲ್ಲ.

ಹಿಂದಿನ ಕೋಣೆಯ ಕಟ್ಟೆ ಒಡೆದರೆ ಸಾಲದು. ಗ್ಯಾಸು, ನೀರಿನ ಲೈನು ಗೋಡೆಯೊಳಗೇ ಕತ್ತರಿಸಿ ಕ್ಯಾಪ್ ಹಾಕಿಸಿ, ಪ್ಲಾಸ್ಟರಿಗೆ ಮುಂಚೆ ಪರಿಶೀಲನೆಗೆ ಕರೆದೆ. ಕೋಣೆ ಅದೇ ಮನೆಯ ಭಾಗ ಅಂತ ಕಾಣಲಿ ಅಂತ ಮನೆಯೊಳಗಿಂದಲೂ ಬಾಗಿಲು ಬಿಡಿಸಿದೆ. ಫೋಟೋಗಳನ್ನು ಕಡತದಲ್ಲಿ ಹೇಗೆ ಜೋಡಿಸಿದೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಈ ನಡುವೆ ಪಾರ್ಕಿಂಗಿನ ಕಾಂಕ್ರೀಟು ತೆಗೆಸಿ ಸಂದು ಬಿಟ್ಟ ಬ್ಲಾಕು ಹಾಸಿ ನೋಡಿದೆ, ಕವರೇಜ್, ಅಂದರೆ ಸೈಟಿನಲ್ಲಿ ಕಟ್ಟಡ ಹಿಡಿದ ಪಾಲು, ಇಳಿಯುತ್ತೇನೋ ಅಂತ. ಇಳಿಯಲಿಲ್ಲ, ಇಲ್ಲಿ ಸೂರು ಇದ್ದದ್ದಷ್ಟೇ ಲೆಕ್ಕ. ನೀರೇನೋ ಚೆನ್ನಾಗಿ ಇಂಗುತ್ತಿದೆ.

ನೋಟಿಸು ಮುಚ್ಚಿದ್ದಕ್ಕೆ ಲಿಖಿತ ಪತ್ರ ಸಿಕ್ಕ ಮೇಲೇ ಮಹಡಿಯ ನಕ್ಷೆ ಹಾಕಿದೆ. ಮೆಟ್ಟಿಲಿನ ಬಗ್ಗೆ ಒಂದು ಪ್ರಶ್ನೆ ಬಂತು, ಅಷ್ಟೇ. ಕತ್ತರಿಸಿದ ಶೀಟಿನ ತುಂಡುಗಳನ್ನು ಶೆಡ್ ಪಕ್ಕದ ಅದೇ ಸಂದಿಯಲ್ಲಿ ಬೈಕಿಗೆ ನೆರಳು ಮಾಡಲಾ ಅಂತ ಮಾಲೀಕರು ಕೇಳ್ತಿದ್ದಾರೆ. ಗುಜರಿಗೆ ಹಾಕಿ ಸ್ವಾಮಿ ಅಂದಿದ್ದೇನೆ.