ಬಟ್ಟೆ ಒಣಗುವ ಲೆಕ್ಕ: ಮಡಿಕೇರಿಗೆ ಬಂದ ಹೊಸಬರಿಗೆ

ಹೋದ ವಾರ ನಮ್ಮ ಆಫೀಸಿಗೆ ಹಾವೇರಿ ಕಡೆಯ ಹುಡುಗನೊಬ್ಬ ವರ್ಗವಾಗಿ ಬಂದ. ಮೂರನೇ ದಿನಕ್ಕೇ ನನ್ನ ಟೇಬಲ್ ಹತ್ತಿರ ನಿಂತು, "ಸರ, ಇಲ್ಲಿ ಚಲೋ ಕಾಟನ್ ಟೀ ಶರ್ಟು ಕಡಿಮಿ ರೇಟಿಗೆ ಎಲ್ಲಿ ಸಿಗ್ತಾವ್ರಿ?" ಅಂದ. "ಕಾಟನ್ನೇ ಯಾಕೋ?" ಅಂದೆ. "ಕಾಟನ್ ಅಲ್ದ ಮತ್ತೇನ್ರಿ ಸರ ಚಲೋದು?" ಅಂತ ನನ್ನನ್ನೇ ವಿಚಿತ್ರವಾಗಿ ನೋಡಿದ.

ಅವನನ್ನು ನೋಡಿ ನನಗೆ ನನ್ನದೇ ನೆನಪಾಯಿತು. ನಾನು ದಾವಣಗೆರೆಯವನು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು. ಹತ್ತಿ ಗಿರಣಿಗಳ ಸೈರನ್ ಕೇಳುತ್ತಾ ಬೆಳೆದ ನಮ್ಮಪ್ಪ, ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ ಟೆರಿಕಾಟನ್ ಅಂಗಿ ಹಾಕಿದವರನ್ನು ಕಂಡರೆ "ಪ್ಲಾಸ್ಟಿಕ್ ಸುತ್ಕೊಂಡು ಹೊಂಟಾನೆ" ಅನ್ನುತ್ತಿದ್ದರು. ಆ ಪಾಠ ಕಲಿತವನು 2007ರ ಜೂನ್‌ನಲ್ಲಿ ಐದು ದಪ್ಪ ಕಾಟನ್ ಟೀ ಶರ್ಟು, ಎರಡು ಜೀನ್ಸು, ಆರು ಬಿಳಿ ಬನಿಯನ್ ಸೂಟ್‌ಕೇಸಿಗೆ ತುಂಬಿಕೊಂಡು ಮಡಿಕೇರಿಯಲ್ಲಿ ಇಳಿದೆ. ಮೊದಲ ಭಾನುವಾರ ಎಲ್ಲ ಒಗೆದು ವರಾಂಡದ ಹಗ್ಗಕ್ಕೆ ಹಾಕಿದೆ. ಗುರುವಾರ ಬಂದರೂ ಜೀನ್ಸಿನ ಸೊಂಟಪಟ್ಟಿ ಹಸಿ, ಜೇಬು ಹಸಿ, ಬನಿಯನ್ನಿಗೆ ಮುಗ್ಗಲು ವಾಸನೆ. ಬೇರೆ ಪ್ಯಾಂಟಿರಲಿಲ್ಲ. ಅದನ್ನೇ ಹಾಕಿಕೊಂಡು ಆಫೀಸಿಗೆ ಹೋದೆ. ಮತ್ತೆ ಮತ್ತೆ ಹೋದೆ. ಜುಲೈ ಮುಗಿಯುವುದರೊಳಗೆ ತೊಡೆ ಸಂದಿಗೆ ಹುಳುಕಡ್ಡಿ. ಡಾಕ್ಟ್ರು ಮುಲಾಮು ಬರೆಯುತ್ತಾ, ತಲೆ ಎತ್ತದೆ, "ಬಯಲುಸೀಮೆಯಿಂದ ಬಂದಿದ್ದಾ?" ಅಂತ ಕೇಳಿದರು.

ಆವತ್ತಿನಿಂದ ನಾನು ಬಟ್ಟೆಗೆ ಬೆಲೆ ಕಟ್ಟುವ ರೀತಿಯೇ ಬದಲಾಯಿತು. ಇಲ್ಲಿ ಒಂದು ಅಂಗಿ ಅಗ್ಗವೋ ತುಟ್ಟಿಯೋ ಅಂತ ಗೊತ್ತಾಗುವುದು ಅದು ಎಷ್ಟು ದಿನಕ್ಕೆ ಒಣಗುತ್ತದೆ ಅನ್ನುವುದರಿಂದ. ಮೂರು ದಿನ ಹಗ್ಗದ ಮೇಲೇ ಇರುವ ಅಂಗಿಯಾದರೆ ಆರು ಬೇಕು. ರಾತ್ರಿ ಒಗೆದು ಬೆಳಗ್ಗೆ ಹಾಕಿಕೊಳ್ಳುವಂಥದ್ದಾದರೆ ಮೂರೇ ಸಾಕು. ಮುನ್ನೂರು ರೂಪಾಯಿಯ ಆರು ಅಂಗಿಗಿಂತ ಐನೂರರ ಮೂರು ಅಂಗಿ ಅಗ್ಗ. ಲೆಕ್ಕ ಇಷ್ಟೇ.

ಹತ್ತಿಯ ಸ್ವಭಾವವೇ ನೀರು ಹೀರುವುದು. ಮಾಮೂಲಿ ಹವೆಯಲ್ಲಿ ಸುಮ್ಮನೆ ಮಡಚಿಟ್ಟಾಗಲೂ ಅದು ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಗಾಳಿಯಿಂದಲೇ ಎಳೆದುಕೊಂಡಿರುತ್ತದೆ. ಪಾಲಿಯೆಸ್ಟರ್ ಎಳೆದುಕೊಳ್ಳುವುದು ಶೇ. 0.4ರ ಆಸುಪಾಸು. ಜುಲೈ ತಿಂಗಳ ಮಡಿಕೇರಿಯ ಗಾಳಿಯೇ ಅರ್ಧ ನೀರು, ಅದರಲ್ಲಿ ಕಾಟನ್ ಒಣಗಿದೆ ಅನ್ನಿಸಿದರೂ ಮೈಗೆ ತಣ್ಣಗೆ ಅಂಟುತ್ತದೆ. ಹಾಗಂತ ಪೂರ್ತಿ ಪಾಲಿಯೆಸ್ಟರ್‌ಗೆ ಬಿದ್ದರೆ ಎರಡೇ ದಿನಕ್ಕೆ ಬೆವರಿನ ವಾಸನೆ. ಮಳೆಗಾಲಕ್ಕೆ ನನ್ನ ಆಯ್ಕೆ ಮಿಶ್ರಣದ್ದು, ಅಂದರೆ ನಮ್ಮಪ್ಪ ಬೈಯುತ್ತಿದ್ದ ಅದೇ ಟೆರಿಕಾಟನ್. ಆಫೀಸಿಗೆ ಟೆರಿಕಾಟನ್ ಅಂಗಿ, ಮನೆಗೆ ಮತ್ತು ಓಡಾಟಕ್ಕೆ ತೆಳು ಟೀ ಶರ್ಟು. ಬೆಳಗ್ಗೆ ರಾಜಾಸೀಟ್ ಕಡೆ ನಡೆಯಲು ಹೋಗುವುದಾದರೆ ಬೇಗ ಒಣಗುವ ಆಟದ ಟೀ ಶರ್ಟು, ಅಂದರೆ ಡ್ರೈಫಿಟ್, ಒಂದೆರಡು ಇರಲಿ.

ಟೀ ಶರ್ಟ್ ಕೊಳ್ಳುವಾಗ ಜಿಎಸ್‌ಎಂ ಕೇಳಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ದಿನಬಳಕೆಯ ಟೀ ಶರ್ಟು ಸಾಮಾನ್ಯವಾಗಿ 160ರಿಂದ 180. ಈಚೆಗೆ ಹುಡುಗರು ಆಸೆಪಟ್ಟು ತರಿಸುವ ದೊಗಳೆ ಟೀ ಶರ್ಟುಗಳು 220, 240 ಇರುತ್ತವೆ. ಕೈಗೆ ಹಿತ, ನೋಡಲು ಚೆಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಶತ್ರು. ಇಲ್ಲಿಗೆ 160 ಸಾಕು. ತೆಳು ಅಂದರೆ ಕಳಪೆ ಅಂತ ತಿಳಿಯಬೇಡಿ. ಕಳಪೆಯನ್ನು ಬೇರೆ ಕಡೆ ಹುಡುಕಬೇಕು. ಅಂಗಿಯನ್ನು ಒಳಮಗ್ಗುಲು ತಿರುಗಿಸಿ. ಕತ್ತಿನ ಹಿಂದೆ, ಭುಜದಿಂದ ಭುಜಕ್ಕೆ ಪಟ್ಟಿ ಕೊಟ್ಟು ಹೊಲಿದಿದ್ದಾರಾ? ಕಾಲರಿನ ರಿಬ್ಬನ್ನು ಎರಡು ಬೆರಳಲ್ಲಿ ಎಳೆದು ಬಿಡಿ, ಪಟ್ ಅಂತ ವಾಪಸು ಹೋಗಬೇಕು. ಹೋಗದಿದ್ದರೆ ನಾಲ್ಕು ಒಗೆತಕ್ಕೆ ಕತ್ತು ಜೋಲು ಬೀಳುತ್ತದೆ. ಪಕ್ಕದ ಹೊಲಿಗೆ ನೆಟ್ಟಗೆ ಕೆಳಗೆ ಇಳಿದಿದೆಯಾ, ಇಲ್ಲಾ ಹೊಟ್ಟೆಯ ಕಡೆಗೆ ತಿರುಗಿದೆಯಾ ನೋಡಿ. ಅಂಗಡಿಯಲ್ಲೇ ತಿರುಗಿದ್ದು ಮನೆಗೆ ಬಂದು ನೆಟ್ಟಗಾಗುವುದಿಲ್ಲ. ಬಯೋವಾಶ್ ಅಂತ ಬರೆದಿದ್ದರೆ ಕಿಣ್ವದಲ್ಲಿ ತೊಳೆದು ಮೇಲಿನ ಜುಂಗು ತೆಗೆದಿದ್ದಾರೆ ಅಂತ ಅರ್ಥ. ಅಂಥದ್ದಕ್ಕೆ ಬೇಗ ಉಂಡೆ ಏಳುವುದಿಲ್ಲ, ನಾಲ್ಕು ಕಾಸು ಜಾಸ್ತಿ ಕೊಡಬಹುದು.

ಜೀನ್ಸ್ ವಿಷಯ ಒಂದೇ ಮಾತು: ಒಂದು ಇರಲಿ, ನವೆಂಬರ್‌ವರೆಗೆ ಅಲ್ಮೇರಾದಲ್ಲಿರಲಿ. ಮಳೆಗಾಲಕ್ಕೆ ತೆಳು ಕಾಟನ್ ಪ್ಯಾಂಟು, ಅದರಲ್ಲಿ ಸ್ವಲ್ಪ ಲೈಕ್ರಾ ಅಥವಾ ಪಾಲಿಯೆಸ್ಟರ್ ಸೇರಿದ್ದಾದರೆ ಒಳ್ಳೆಯದು. ಬಣ್ಣ ಗಾಢವಾಗಿರಲಿ. ನಮ್ಮ ಕೆಂಪುಮಣ್ಣಿನ ಕೆಸರು ಬಿಳಿ ಪ್ಯಾಂಟಿನ ಕಾಲಿಗೆ ಒಮ್ಮೆ ಹತ್ತಿದರೆ ಹೋಗುವುದಿಲ್ಲ. ಹಿಂಭಾಗದ ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ದಾರಾ, ಜೇಬಿನ ಮೂಲೆಗೆ ಒತ್ತಾದ ಅಡ್ಡಹೊಲಿಗೆ ಹಾಕಿದ್ದಾರಾ ನೋಡಿಕೊಳ್ಳಿ. ಇಲ್ಲಿನ ಊಟಕ್ಕೆ ಸೊಂಟ ಬಿಡಿಸುವ ಕಾಲ ಬಂದೇ ಬರುತ್ತದೆ. ಅಕ್ಕಿ ರೊಟ್ಟಿ, ಕಡಂಬುಟ್ಟು (ಅಕ್ಕಿ ಕಡುಬು), ಪಂದಿಕರಿಯ (ಹಂದಿ ಸಾರಿನ) ಮೇಲೆ ನನ್ನ ದೂರಿಲ್ಲ.

ಒಳಬಟ್ಟೆಯಲ್ಲಿ ಮಾತ್ರ ಜುಗ್ಗತನ ಮಾಡಬೇಡಿ. ಉಳಿದ ಯಾವುದಕ್ಕಿಂತ ಹೆಚ್ಚು ಜೊತೆ ಬೇಕಾಗುವುದು ಅದೇ. ಹತ್ತು ಚಡ್ಡಿ, ಹತ್ತು ಬನಿಯನ್ ಅಂದರೆ ಊರಲ್ಲಿ ನಗುತ್ತಾರೆ, ಇಲ್ಲಿ ಯಾರೂ ನಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಜೋಡುಪಾಲದ ಕಡೆಯ ಜನ ಪರಿಹಾರ ಕೇಂದ್ರಗಳಿಗೆ ಬಂದಾಗ, ಹೊರಗಿನಿಂದ ಲಾರಿಗಟ್ಟಲೆ ಬಟ್ಟೆ ಬಂತು. ವಿಂಗಡಿಸಲು ನಾನೂ ಹೋಗಿದ್ದೆ. ಜೀನ್ಸಿನ ರಾಶಿ, ಜರಿ ಶರ್ಟಿನ ರಾಶಿ. ವಯಸ್ಸಾದವರೊಬ್ಬರು ಬಂದು ನನ್ನ ಕಿವಿಯ ಹತ್ತಿರ ಬಾಗಿ, "ಮಗಾ, ಒಣಗಿದ ಒಂದು ಚಡ್ಡಿ ಉಂಟಾ?" ಅಂದರು. ಆ ರಾಶಿಯಲ್ಲಿ ಒಂದೂ ಇರಲಿಲ್ಲ.

ಇನ್ನು ಎಲ್ಲಿ ಕೊಳ್ಳುವುದು. ಸಂತೆ ಬಿಟ್ಟು ಕೊಡಗು ಇಲ್ಲ. ಮಡಿಕೇರಿಯಲ್ಲಿ ಶುಕ್ರವಾರ, ಕುಶಾಲನಗರದಲ್ಲಿ ಮಂಗಳವಾರ, ವಿರಾಜಪೇಟೆಯಲ್ಲಿ ಬುಧವಾರ, ಗೋಣಿಕೊಪ್ಪದಲ್ಲಿ ಭಾನುವಾರ. ಸೋಮವಾರಪೇಟೆ, ಶನಿವಾರಸಂತೆಗೆ ನಾನು ವಾರ ಹೇಳಬೇಕಾಗಿಲ್ಲ. ತೋಟದ ಕೆಲಸಕ್ಕೆ ಅಸ್ಸಾಂ ಕಡೆಯಿಂದ ಬಂದ ಹುಡುಗರು ಈಗ ಸಂತೆಯ ದೊಡ್ಡ ಗಿರಾಕಿಗಳು. ಹಾಗಾಗಿ ಟ್ರ್ಯಾಕ್ ಪ್ಯಾಂಟು, ಬರ್ಮುಡಾ, ಟೀ ಶರ್ಟಿನ ರಾಶಿ ತರಕಾರಿಗಿಂತ ಮೊದಲೇ ಕಣ್ಣಿಗೆ ಬೀಳುತ್ತದೆ. ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿ, "ಎಕ್ಸ್‌ಪೋರ್ಟ್ ಮಾಲ್ ಸಾರ್, ತಿರುಪ್ಪೂರ್" ಅಂತ ಕೂಗುತ್ತಾರೆ. ತಿರುಪ್ಪೂರು ಅನ್ನುವುದು ಬಹಳ ಸಲ ನಿಜವೇ, ಬನಿಯನ್, ಟೀ ಶರ್ಟಿಗೆ ಅದೇ ತವರು. ಎಕ್ಸ್‌ಪೋರ್ಟ್ ಅನ್ನುವುದನ್ನು ಅರ್ಧ ನಂಬಿ. ಲೇಬಲ್ ಕತ್ತರಿಸಿದ ಮಾತ್ರಕ್ಕೆ ಹಡಗು ಹತ್ತಬೇಕಾಗಿದ್ದ ಮಾಲು ಆಗುವುದಿಲ್ಲ, ಕತ್ತರಿ ಎಲ್ಲರ ಹತ್ತಿರವೂ ಇರುತ್ತದೆ. ನಿಜವಾದ ಮಿಗತೆ ಮಾಲಿನಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಕುಂದು ಇರುತ್ತದೆ: ಎಲ್ಲೋ ಒಂದು ನೂಲು ಬಿಟ್ಟಿರುತ್ತದೆ, ಎಣ್ಣೆಯ ಚುಕ್ಕೆ ಇರುತ್ತದೆ. ಆ ಕುಂದನ್ನು ನೀವೇ ಹುಡುಕಿ ತೋರಿಸಿದರೆ ಬೆಲೆ ತಾನೇ ಇಳಿಯುತ್ತದೆ. ಬಿಸಿಲಿಗೆ ಹಿಡಿದು ನೋಡಿ ಅನ್ನೋಣವೆಂದರೆ ಬಿಸಿಲೇ ಇರುವುದಿಲ್ಲ. ಮೊಬೈಲಿನ ಟಾರ್ಚನ್ನು ಬಟ್ಟೆಯ ಹಿಂದೆ ಹಿಡಿಯಿರಿ, ತೂತು, ತೇಪೆ ಎಲ್ಲ ಕಾಣುತ್ತದೆ. ನಮ್ಮ ಕಡೆಯಂತೆ ಅರ್ಧಕ್ಕರ್ಧ ಚೌಕಾಸಿ ಇಲ್ಲಿ ನಡೆಯುವುದಿಲ್ಲ. "ಅಣ್ಣ, ಮೂರು ತಗೊಳ್ತೇನೆ, ನೋಡಿ ಹೇಳಿ" ಅಂದರೆ ಇಪ್ಪತ್ತು ಮೂವತ್ತು ಬಿಡುತ್ತಾರೆ. ಅಷ್ಟಕ್ಕೆ ಸಮಾಧಾನ ಪಟ್ಟುಕೊಳ್ಳಿ.

ಲುಂಗಿಗೆ ವಿರಾಜಪೇಟೆ. ಮಾಕುಟ್ಟದ ಘಾಟಿ ಇಳಿದರೆ ಆಚೆ ಕಣ್ಣೂರು, ಕೈಮಗ್ಗಕ್ಕೆ ಹೆಸರಾದ ಊರು. ಆ ಕಡೆಯ ಮಾಲು ವಿರಾಜಪೇಟೆಯ ಅಂಗಡಿಗಳಲ್ಲಿ ಸಿಗುತ್ತದೆ. ತೆಳುವಾದ ಲುಂಗಿ ಎರಡು, ಕೇರಳದ ತೆಳು ತೋರ್ತು ಟವೆಲ್ ನಾಲ್ಕು ತಂದಿಟ್ಟುಕೊಳ್ಳಿ. ಮೆತ್ತನೆಯ ದಪ್ಪ ಟವೆಲ್ಲನ್ನು ನಾನು ಕೊನೆಗೆ ಕಾಲೊರಸು ಮಾಡಿದೆ. ಅದು ಸೆಪ್ಟೆಂಬರ್‌ವರೆಗೆ ಒಣಗಲೇ ಇಲ್ಲ.

ಚಳಿ ಬಟ್ಟೆಗೆ ಮೈಸೂರಿಗೆ ಓಡಬೇಕಾಗಿಲ್ಲ. ಕುಶಾಲನಗರದಿಂದ ಹೊಳೆ ದಾಟಿದರೆ ಬೈಲಕುಪ್ಪೆ, 1961ರಲ್ಲಿ ಟಿಬೆಟಿನವರಿಗೆ ನೆಲೆ ಕೊಟ್ಟ ಜಾಗ, ಸೇರುವುದು ಮೈಸೂರು ಜಿಲ್ಲೆಗೆ. ನಮ್ಮೂರುಗಳಲ್ಲಿ ಚಳಿಗಾಲಕ್ಕೆ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದ ಟಿಬೆಟಿನ ಅಮ್ಮಂದಿರನ್ನು ನೆನೆಸಿಕೊಳ್ಳಿ, ಅವರದೇ ಸಮುದಾಯ. ಸ್ವೆಟರ್ ಅಲ್ಲೇ ಹೆಣೆದದ್ದು ಅಂದುಕೊಳ್ಳಬೇಡಿ, ಬಹುಪಾಲು ಲುಧಿಯಾನಾದಿಂದ ಬರುತ್ತದೆ. ಅದರಿಂದ ಏನೂ ನಷ್ಟವಿಲ್ಲ. ಉಣ್ಣೆ ಅಂತ ಹೇಳಿ ಕೊಡುವ ಅಗ್ಗದ್ದೆಲ್ಲ ಸಾಮಾನ್ಯವಾಗಿ ಅಕ್ರಿಲಿಕ್. ಅದೇ ನಮಗೆ ಬೇಕಾಗಿದ್ದು: ನೀರು ಹೀರುವುದು ಕಡಿಮೆ, ಬೇಗ ಒಣಗುತ್ತದೆ, ನುಸಿಯೂ ತಿನ್ನುವುದಿಲ್ಲ. ಉಂಡೆ ಏಳುತ್ತದೆ, ಏಳಲಿ. ಒಂದು ಭಾರಿ ಜಾಕೆಟ್‌ಗಿಂತ ಒಂದು ತೆಳು ಸ್ವೆಟರು, ಅದರ ಮೇಲೆ ಗಾಳಿ ತಡೆಯುವ ಒಂದು ಜರ್ಕಿನ್ ಮೇಲು. ಡಿಸೆಂಬರ್ ಬೆಳಗ್ಗೆ ಎರಡೂ ಬೇಕು, ಹನ್ನೊಂದು ಗಂಟೆಗೆ ಎರಡನ್ನೂ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುವಷ್ಟು ಬಿಸಿಲು. ಜರ್ಕಿನ್ ಬ್ರ್ಯಾಂಡಿನದೇ ಬೇಕೆಂದರೆ ಬಿಲ್ಲಿನ ಒಂದು ಸಂಗತಿ ತಿಳಿದಿರಲಿ: 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಉಡುಪಿಗೆ ಶೇ. 5 ಜಿಎಸ್‌ಟಿ, ಅದನ್ನು ದಾಟಿದರೆ ಶೇ. 18. ಗಡಿಯ ಈಚೆಗೇ ಇರಿ.

ಕುಶಾಲನಗರದ ಮಾತು ಬಂದದ್ದಕ್ಕೆ ಇದೂ ಹೇಳುತ್ತೇನೆ. ಅಲ್ಲಿ ಮನೆ ಮಾಡಿದವರು ನಾನು ಬರೆದದ್ದರಲ್ಲಿ ಅರ್ಧ ಮರೆಯಬಹುದು. ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಇಳಿದರೆ ಮಳೆ ಎಷ್ಟೋ ಪಾಲು ಕಡಿಮೆ. ಇಲ್ಲಿ ಮಂಜು ಮುಸುಕಿರುವಾಗ ಅಲ್ಲಿ ಬಿಸಿಲಿಗೆ ಬಟ್ಟೆ ಗರಿಗರಿ ಒಣಗಿರುತ್ತದೆ. ಭಾಗಮಂಡಲದ ಕಡೆಗೆ ಪೋಸ್ಟಿಂಗ್ ಆದವರು ಮಾತ್ರ ನಾನು ಹೇಳಿದ ಜೊತೆಗಳ ಮೇಲೆ ಇನ್ನೂ ಎರಡೆರಡು ಸೇರಿಸಿಕೊಳ್ಳಿ.

ಹೊಲಿಸುವುದು ಈಗಲೂ ಲಾಭವೇ, ಒಳ್ಳೆಯ ದರ್ಜಿ ಸಿಕ್ಕರೆ. 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ತುಂಬು ತೋಳಿನ ಅಂಗಿಗೆ ಒಂದೂಮುಕ್ಕಾಲು ಮೀಟರ್ ಒಳಗೆ, ಪ್ಯಾಂಟಿಗೆ ಒಂದೂಕಾಲು ಮೀಟರ್ ಸಾಕು. ಆದರೆ ಮದುವೆ ಕಾಲದಲ್ಲಿ ಕೊಡಬೇಡಿ. ಒಬ್ಬರು ನನ್ನ ಪ್ಯಾಂಟನ್ನು ಏಪ್ರಿಲ್‌ನಲ್ಲಿ ತೆಗೆದುಕೊಂಡು ಜೂನ್‌ನಲ್ಲಿ ಕೊಟ್ಟರು, ಕಾಲು ಎರಡಿಂಚು ಗಿಡ್ಡ. ಮಳೆಗಾಲ ತಾನೇ, ಕೆಸರಾಗುವುದಿಲ್ಲ ಬಿಡಿ ಅಂತ ಸಮಾಧಾನ ಬೇರೆ ಹೇಳಿದರು! ಅಂದಹಾಗೆ ಕೊಡವರ ಮದುವೆಗೆ ಕರೆ ಬಂದರೆ ಕುಪ್ಪ್ಯ (ಗಂಡಸರ ಉದ್ದ ನಿಲುವಂಗಿ), ಚೇಲೆ (ಸೊಂಟಕ್ಕೆ ಕಟ್ಟುವ ರೇಷ್ಮೆ ಪಟ್ಟಿ) ಎಲ್ಲಿ ಬಾಡಿಗೆಗೆ ಸಿಗುತ್ತದೆ ಅಂತ ಹುಡುಕಿಕೊಂಡು ಹೋಗಬೇಡಿ. ಅದು ಅವರ ಉಡುಗೆ. ನೀವು ಇಸ್ತ್ರಿ ಮಾಡಿದ ತುಂಬು ತೋಳಿನ ಅಂಗಿ, ಕಪ್ಪು ಪ್ಯಾಂಟು ಹಾಕಿಕೊಂಡು ಹೋದರೆ ಸಾಕು.

ರೈನ್‌ಕೋಟು ಕೊಳ್ಳುವಾಗ ಒಳಗಡೆ ತಿರುಗಿಸಿ, ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದಾರಾ ನೋಡಿ. ಇಲ್ಲದಿದ್ದರೆ ನೀರು ಸೂಜಿಯ ತೂತಿನಿಂದಲೇ ಬರುತ್ತದೆ. ಬೈಕ್ ಇದ್ದವರಿಗೆ ಅಂಗಿ ಪ್ಯಾಂಟು ಬೇರೆ ಬೇರೆ ಇರುವುದೇ ಸರಿ. ಚರ್ಮದ ಶೂ, ಬೆಲ್ಟು ಮೇ ಕೊನೆಯಲ್ಲಿ ಎತ್ತಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿದು ಹಸಿರಾಗುತ್ತವೆ.

ಒಣಗಿಸುವ ಉಪಾಯ ನನಗೆ ಕಲಿಸಿದ್ದು ನಮ್ಮ ಮನೆ ಓನರ್ ಆಂಟಿ. ಹುಳುಕಡ್ಡಿಯ ಕಥೆ ಅವರಿಗೆ ಹೇಗೋ ಗೊತ್ತಾಗಿ (ಇಲ್ಲಿ ಎಲ್ಲವೂ ಗೊತ್ತಾಗುತ್ತದೆ), "ಅಲ್ಲ, ವರಾಂಡದಲ್ಲಿ ಯಾರು ಒಣಗಿಸ್ತಾರೆ? ಬಚ್ಚಲ ಒಲೆ ಹತ್ರ ಹಾಕಿ" ಅಂದರು. ಒಲೆಯ ಮೇಲೆ ಎರಡಾಳೆತ್ತರದಲ್ಲಿ ಬಿದಿರಿನ ಗಳು ಕಟ್ಟಿದ್ದರು. ಪ್ಯಾಂಟನ್ನು ಒಳಮಗ್ಗುಲು ಮಾಡಿ, ಜೇಬನ್ನು ಹೊರಗೆ ಎಳೆದು, ಸೊಂಟ ಕೆಳಗೆ ಬರುವಂತೆ ನೇತು ಹಾಕಬೇಕು, ಆಗ ದಪ್ಪದ ಭಾಗಕ್ಕೇ ಹೆಚ್ಚು ಬಿಸಿ ತಾಗುತ್ತದೆ. ಬಟ್ಟೆಗೆ ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಆಫೀಸಿನಲ್ಲಿ ಎಲ್ಲರಿಗೂ ಅದೇ ವಾಸನೆ ಇರುವುದರಿಂದ ಯಾರೂ ಮೂಗು ಮುಚ್ಚುವುದಿಲ್ಲ. ಪಾಲಿಯೆಸ್ಟರ್ ಮಾತ್ರ ಒಲೆಯಿಂದ ದೂರ ಇಡಿ. ನನ್ನ ಒಂದು ಟ್ರ್ಯಾಕ್ ಪ್ಯಾಂಟಿನ ಮೊಣಕಾಲಿಗೆ ಕಿಡಿ ಹಾರಿ, ಸುಡದೆ ಕರಗಿ, ಮಣಿಯಂತೆ ಗಟ್ಟಿಯಾಗಿ ಕೂತಿತು. ಒಣಗಿದ ಬಟ್ಟೆ ಮತ್ತೆ ತೇವ ಎಳೆಯದಿರಲು ಅಲ್ಮೇರಾದ ತಳದಲ್ಲಿ, ಬಟ್ಟೆಗೆ ತಾಗದಂತೆ, ಹಳೆಯ ಕಾಲದ ಸಣ್ಣ ಬಲ್ಬು ಉರಿಸುವುದು ಇಲ್ಲಿನ ರೂಢಿ. ಎಲ್‌ಇಡಿ ಹಾಕಿದರೆ ಬೆಳಕಷ್ಟೇ ಬರುತ್ತದೆ, ಬಿಸಿ ಬರುವುದಿಲ್ಲ. ಹಳೆ ಬಲ್ಬು ಸಿಕ್ಕಿದರೆ ನಾಲ್ಕು ತಂದಿಟ್ಟುಕೊಳ್ಳಿ.

ಊರಿನಿಂದ ತಂದ ದಪ್ಪ ಕಾಟನ್ನನ್ನು ಯಾರಿಗೂ ಕೊಟ್ಟುಬಿಡಬೇಡಿ. ಜನವರಿಯಲ್ಲಿ ಕಣದ ತುಂಬ ಕಾಫಿ ಒಣಹಾಕುವ ಹೊತ್ತಿಗೆ ಹಗಲಿಗೆ ಅದರಷ್ಟು ಹಿತವಾದ ಬಟ್ಟೆ ಇನ್ನೊಂದಿಲ್ಲ, ಏಪ್ರಿಲ್‌ವರೆಗೂ ಧಾರಾಳವಾಗಿ ಹಾಕಿಕೊಳ್ಳಿ.

ಹಾವೇರಿಯ ಹುಡುಗ ಈ ಶುಕ್ರವಾರ ನನ್ನ ಜೊತೆ ಸಂತೆಗೆ ಬರುತ್ತಾನಂತೆ. ಊಟದ ಹೊತ್ತಿಗೆ ಮುಂಚೆಯೇ ಹೋಗೋಣ ಅಂದಿದ್ದೇನೆ, ಮಳೆ ಶುರುವಾದರೆ ಟಾರ್ಪಾಲು ಬಟ್ಟೆಯ ಕೆಳಗಿನಿಂದ ಮೇಲಕ್ಕೆ ಬಂದುಬಿಡುತ್ತದೆ.